ನಮ್ಮ ಕೈಕೆಳಗಿನವರು

(ಬೆಂಗಳೂರಿನ ಲಗ್ಗೆರೆಯ ಮಸೀದಿಯೊಂದರಲ್ಲಿ ಜುಮಾ ಖುತ್ಬಾಕ್ಕೆ ಮುನ್ನ ಕನ್ನಡದಲ್ಲಿ ನೀಡಿದ ಬಯಾನ್‌ನ ಬರಹರೂಪ)

 



ಕೆಲವು ವಾರಗಳ ಹಿಂದೆ ಇಶಾ ನಮಾಝ್ ಮುಗಿದು ಬಾಗಿಲು ಹಾಕುವ ಹೊತ್ತಿಗೆ ಒಬ್ಬ ಹುಡುಗ ನನ್ನ ಬಳಿ ಬಂದು ನಿಂತ. ಯಾದಗಿರಿ ಕಡೆಯವನು. ಪೀಣ್ಯದ ಒಂದು ಶೆಡ್‌ನಲ್ಲಿ ಹೆಲ್ಪರ್. ಇಪ್ಪತ್ತು ತುಂಬಿರಬಹುದು. ಸುಮಾರು ಹೊತ್ತು ಮಾತಾಡಲೇ ಇಲ್ಲ. ಆಮೇಲೆ ಕೇಳಿದ: "ಹಜ್ರತ್, ಒಂದು ಮಸ್‌ಅಲ ಕೇಳಬೇಕಿತ್ತು. ಒಬ್ಬರು ಸಲಾಮ್ ಹೇಳಿದರೆ ಉತ್ತರ ಕೊಡದೆ ಇದ್ದರೆ ಗುನಾಹ್ ಆಗುತ್ತಾ?"

ಆಗುತ್ತದೆ, ಸಲಾಮ್ ಹೇಳುವುದು ಸುನ್ನತ್, ಉತ್ತರ ಕೊಡುವುದು ವಾಜಿಬ್ ಎಂದೆ. ಹುಡುಗ ತಲೆ ತಗ್ಗಿಸಿದ. "ಹಾಗಾದ್ರೆ ನನಗೆ ಗುನಾಹ್ ಆಗಿದೆ ಹಜ್ರತ್" ಎಂದ.

ಕೂರಿಸಿ ಕೇಳಿದೆ. ಅವನು ಕೆಲಸ ಮಾಡುವ ಶೆಡ್‌ನ ಮಾಲೀಕರು ನಮ್ಮ ಜಮಾಅತಿನವರೇ. ಜುಮಾಕ್ಕೆ ಬೇಗ ಬಂದು ಮೊದಲ ಸಫ್‌ನಲ್ಲಿ ಕೂರುವವರು. ಹುಡುಗನಿಗೆ ಎರಡು ತಿಂಗಳ ಸಂಬಳ ಬಾಕಿ. ಕೇಳಿದರೆ "ಮುಂದಿನ ವಾರ" ಎನ್ನುತ್ತಾರೆ. ಒಂದು ದಿನ ಎಲ್ಲರ ಎದುರು ಗದರಿಸಿ ಅವನ ತಂದೆಯನ್ನೂ ಸೇರಿಸಿ ಬೈದರಂತೆ. ಆದರೆ ಮಸೀದಿಯಲ್ಲಿ ಎದುರು ಸಿಕ್ಕರೆ ನಗುನಗುತ್ತಾ ಸಲಾಮ್ ಹೇಳುತ್ತಾರೆ. ಈ ಹುಡುಗನಿಗೆ ಬಾಯಿ ಬರುವುದಿಲ್ಲ.

ಇವತ್ತು ಇದನ್ನು ಹೇಳಲು ಇಬ್ಬರ ಒಪ್ಪಿಗೆಯನ್ನೂ ಪಡೆದಿದ್ದೇನೆ. ಗುರುತು ಸಿಗದಿರಲಿ ಎಂದು ಕೆಲವು ವಿವರ ಬದಲಿಸಿದ್ದೇನೆ. ಯಾರು, ಯಾರು ಎಂದು ನೀವು ಆಚೀಚೆ ನೋಡಬೇಡಿ. ನಮ್ಮಲ್ಲಿ ಪ್ರತಿಯೊಬ್ಬರ ಕೈಕೆಳಗೂ ಒಬ್ಬರಿದ್ದಾರೆ. ಮಾಲೀಕರ ಕೆಳಗೆ ಸೂಪರ್‌ವೈಸರ್, ಸೂಪರ್‌ವೈಸರ್ ಕೆಳಗೆ ಆಪರೇಟರ್, ಆಪರೇಟರ್ ಕೆಳಗೆ ಹೆಲ್ಪರ್. ಶಾಲೆಯಲ್ಲಿ ಮೇಷ್ಟ್ರ ಕೆಳಗೆ ಮಕ್ಕಳು, ಕಾಲೇಜಿನಲ್ಲಿ ಸೀನಿಯರ್ ಕೆಳಗೆ ಜೂನಿಯರ್. ಮದರಸದಲ್ಲಿ ನನ್ನ ಕೆಳಗೆ ಎಪ್ಪತ್ತು ಮಕ್ಕಳು. ಮೇಲಿನವನು ನಮ್ಮನ್ನು ಬೈದದ್ದು ನಮಗೆ ಹತ್ತು ವರ್ಷ ನೆನಪಿರುತ್ತದೆ. ನಾವು ಕೆಳಗಿನವನನ್ನು ಬೈದದ್ದು ಸಂಜೆಗೇ ಮರೆತುಹೋಗುತ್ತದೆ.

ಅಬೂದರ್ರ್(ರ) ಯಾರೆಂದು ನಿಮಗೆ ಗೊತ್ತು. ಗಿಫಾರ್ ಕುಲದವರು, ಇಸ್ಲಾಮ್ ಸ್ವೀಕರಿಸಿದ ಮೊದಲಿಗರಲ್ಲೊಬ್ಬರು, ಸತ್ಯ ಹೇಳುವುದರಲ್ಲಿ ಯಾರಿಗೂ ಹೆದರದವರು. ಅಂಥವರು ಒಮ್ಮೆ ಸಿಟ್ಟಿನಲ್ಲಿ ಒಬ್ಬ ವ್ಯಕ್ತಿಯನ್ನು ಅವನ ತಾಯಿಯನ್ನು ಹಿಡಿದು ಹೀಯಾಳಿಸಿದರು. ಸುದ್ದಿ ಪ್ರವಾದಿ(ಸ)ರಿಗೆ ಮುಟ್ಟಿತು. ಅಬೂದರ್ರ್ ದೊಡ್ಡ ಭಕ್ತ, ಒಂದು ಮಾತು ತಪ್ಪಿರಬಹುದು ಬಿಡಿ ಎಂದು ಪ್ರವಾದಿ(ಸ)ರು ಸುಮ್ಮನಾಗಲಿಲ್ಲ. ಅಜ್ಞಾನ ಕಾಲದ ಗುಣ ನಿಮ್ಮಲ್ಲಿ ಇನ್ನೂ ಉಳಿದಿದೆ ಎಂದು ನೇರವಾಗಿ ಹೇಳಿದರು. ಕೈಕೆಳಗೆ ದುಡಿಯುವವರು ನಿಮ್ಮ ಸಹೋದರರು, ಅಲ್ಲಾಹನು ಅವರನ್ನು ನಿಮ್ಮ ಕೈಗೆ ಒಪ್ಪಿಸಿದ್ದಾನೆ ಎಂದರು. ನೀವು ಉಣ್ಣುವುದನ್ನೇ ಅವರಿಗೂ ಉಣಿಸಬೇಕು, ಉಡುವುದನ್ನೇ ಉಡಿಸಬೇಕು. ಅವರ ಶಕ್ತಿಗೆ ಮೀರಿದ ಕೆಲಸ ಹೇರಬಾರದು, ಹೇಳಲೇಬೇಕಾಗಿ ಬಂದರೆ ನೀವೂ ಕೈಹಾಕಬೇಕು ಎಂದರು.

ಇದು ಬುಖಾರಿಯಲ್ಲಿ ಬಂದಿರುವ ಘಟನೆ. ಅದು ನಮ್ಮ ತನಕ ಹೇಗೆ ಬಂತು ನೋಡಿ. ಎಷ್ಟೋ ವರ್ಷಗಳ ನಂತರ ರಬ್‌ಝಾ ಎಂಬ ಊರಿನಲ್ಲಿ ಒಬ್ಬರು ಅಬೂದರ್ರ್(ರ)ರನ್ನು ಕಂಡರು. ಅವರ ಮೈಮೇಲಿದ್ದಂಥದೇ ಬಟ್ಟೆ ಅವರ ಸೇವಕನ ಮೈಮೇಲೂ ಇತ್ತು. ಅಚ್ಚರಿಪಟ್ಟು ಕಾರಣ ಕೇಳಿದಾಗ ಅಬೂದರ್ರ್ ತಮ್ಮದೇ ತಪ್ಪಿನ ಈ ಕತೆ ಹೇಳಿದರು. ತಮ್ಮ ದಾನದ ಕತೆ ಹೇಳಲಿಲ್ಲ, ತಾವು ಬೈಸಿಕೊಂಡ ಕತೆ ಹೇಳಿದರು. ಅವತ್ತು ಕೇಳಿದ ಮಾತು ಅವರ ಮೈಮೇಲಿನ ಬಟ್ಟೆಯಾಗಿ ಉಳಿದುಬಿಟ್ಟಿತ್ತು.

ಮಿಂಬರ್ ಮೇಲೆ ಕೂತು ನಿಮಗಷ್ಟೇ ಹೇಳಿದರೆ ನ್ಯಾಯವಲ್ಲ, ನನ್ನದೂ ಒಂದು ಹೇಳುತ್ತೇನೆ.

ಆರೇಳು ವರ್ಷದ ಹಿಂದೆ ನಮ್ಮ ಸಂಜೆ ಮದರಸಕ್ಕೆ ಒಬ್ಬ ಹುಡುಗ ಬರುತ್ತಿದ್ದ. ತಂದೆಯದು ಗುಜರಿ ಅಂಗಡಿ. ಹುಡುಗನಿಗೆ ಪಾಠ ನಿಲ್ಲುತ್ತಿರಲಿಲ್ಲ. ಒಂದು ದಿನ ಮೂರನೇ ಸಲ ತಪ್ಪು ಓದಿದಾಗ ನನ್ನ ತಾಳ್ಮೆ ಹೋಯಿತು. "ನಿನ್ನ ತಲೆಯಲ್ಲೂ ಗುಜರಿಯೇ ತುಂಬಿದೆ" ಎಂದುಬಿಟ್ಟೆ. ಮಕ್ಕಳೆಲ್ಲ ನಕ್ಕರು. ನಿಜ ಹೇಳಬೇಕೆಂದರೆ ನನಗೂ ನಗು ಬಂತು. ಮರುದಿನದಿಂದ ಅವನನ್ನು ಎಲ್ಲರೂ "ಗುಜರಿ" ಎಂದೇ ಕರೆಯತೊಡಗಿದರು. ಒಂದು ವಾರದಲ್ಲಿ ಹುಡುಗ ಬರುವುದನ್ನು ನಿಲ್ಲಿಸಿದ. ನಾನು ಆ ವರ್ಷವೇ ಇದೇ ಅಬೂದರ್ರ್‌ರ ಹದೀಸನ್ನು ಇಲ್ಲಿಂದ ಓದಿ ವಿವರಿಸಿದ್ದೆ! ಹದೀಸ್ ನಾಲಗೆಯ ಮೇಲಿತ್ತು, ಅಬೂದರ್ರ್ ಮಾಡಿದ ತಪ್ಪನ್ನೇ ನಾನೂ ಮಾಡಿದ್ದು ಮಾತ್ರ ಕಾಣಲಿಲ್ಲ. ಅವನು ತಾಯಿಯ ಮಗ, ಇವನು ತಂದೆಯ ಮಗ, ಅಷ್ಟೇ ವ್ಯತ್ಯಾಸ.

ಅವರ ಮನೆಗೆ ಹೋಗಲು ನನಗೆ ಎರಡು ತಿಂಗಳು ಹಿಡಿಯಿತು. ಹೋಗಿ ತಂದೆಯ ಎದುರು, ಹುಡುಗನ ಎದುರು ಕ್ಷಮೆ ಕೇಳಿದೆ. ತಂದೆ ಗಾಬರಿಯಾಗಿ, "ನೀವು ದೊಡ್ಡವರು, ಹಾಗೆಲ್ಲ ಹೇಳಬೇಡಿ ಹಜ್ರತ್" ಎಂದರು. ಹುಡುಗ ಏನೂ ಹೇಳಲಿಲ್ಲ. ಮದರಸಕ್ಕೆ ಮತ್ತೆ ಬರಲೂ ಇಲ್ಲ. ಈಗ ಅವನು ಎಲ್ಲೋ ಕೆಲಸದಲ್ಲಿದ್ದಾನೆ. ನನಗೆ ಕ್ಷಮೆ ಸಿಕ್ಕಿದೆಯೋ ಇಲ್ಲವೋ ಅವನಿಗೂ ಅಲ್ಲಾಹನಿಗೂ ಗೊತ್ತು.

ಶಾಲೆಗಳಲ್ಲಿ ಮಕ್ಕಳನ್ನು ಹೊಡೆಯುವುದನ್ನು, ಮನಸ್ಸಿಗೆ ನೋವಾಗುವಂತೆ ಹಿಂಸಿಸುವುದನ್ನು 2009ರ ಶಿಕ್ಷಣ ಹಕ್ಕು ಕಾಯ್ದೆ ನಿಷೇಧಿಸಿದೆ. ಅದರ 17ನೇ ಕಲಮು ಇದಕ್ಕಾಗಿಯೇ ಇದೆ. ಒಬ್ಬ ಗೆಳೆಯರು ನನಗೆ ಹೇಳಿದರು, 2012ರ ತಿದ್ದುಪಡಿಯ ಪ್ರಕಾರ ಆ ಕಾಯ್ದೆ ಮದರಸಗಳಿಗೆ ಅನ್ವಯಿಸುವುದಿಲ್ಲ ಎಂದು. ಇರಬಹುದು. ಹಾಗೆಂದು ನಾವು ನಿರಾಳವಾಗಬೇಕೆ? ಹತ್ತು ವರ್ಷದ ಹುಡುಗನಾಗಿದ್ದಾಗ ಪ್ರವಾದಿ(ಸ)ರ ಸೇವೆಗೆ ಸೇರಿದ ಅನಸ್(ರ) ಹತ್ತು ವರ್ಷ ಜೊತೆಗಿದ್ದರು. ಒಂದು ಸಲವೂ ಬೇಸರದ ಉದ್ಗಾರ ತಮ್ಮ ಮೇಲೆ ಬೀಳಲಿಲ್ಲ, ಇದನ್ನೇಕೆ ಮಾಡಿದೆ, ಅದನ್ನೇಕೆ ಮಾಡಲಿಲ್ಲ ಎಂಬ ಮಾತು ಬರಲಿಲ್ಲ ಎಂದು ಅವರೇ ಹೇಳಿದ್ದಾರೆ. ಮಕ್ಕಳ ಕೈಯಲ್ಲಿ ವಸ್ತು ಒಡೆಯುವುದಿಲ್ಲವೇ? ಕಳಿಸಿದ ಕೆಲಸ ಮರೆತು ಬೀದಿಯಲ್ಲಿ ಆಡುತ್ತ ನಿಲ್ಲುವುದಿಲ್ಲವೇ? ಅನಸ್ ಕೂಡ ಹಾಗೆ ನಿಂತಿದ್ದುಂಟು. ಪ್ರವಾದಿ(ಸ)ರು ಹಿಂದಿನಿಂದ ಬಂದು ಕತ್ತು ಹಿಡಿದರು, ಅನಸ್ ತಿರುಗಿ ನೋಡಿದರೆ ಅವರು ನಗುತ್ತಿದ್ದರು.

ಈಗ ಸಂಬಳದ ಮಾತು.

ಆ ಹುಡುಗ ಬಂದು ಹೋದ ಮೇಲೆ ನಾನು ಮಾಲೀಕರ ಮನೆಗೆ ಹೋದೆ. ಹೋಗುವಾಗ ನನ್ನ ಮನಸ್ಸಿನಲ್ಲಿ ಅವರು ಜಾಲಿಮರಾಗಿದ್ದರು. ಅವರು ಮೊಬೈಲ್ ತೆಗೆದು ತೋರಿಸಿದರು. ದೊಡ್ಡ ಕಂಪನಿಯೊಂದಕ್ಕೆ ಮಾಲು ಕೊಟ್ಟು ತೊಂಬತ್ತು ದಿನ ಕಳೆದಿತ್ತು. ಬಿಲ್ ಪಾಸಾಗಿದೆ, ಹಣ ಬಂದಿಲ್ಲ. ಸಣ್ಣ ಉದ್ಯಮಗಳಿಗೆ 45 ದಿನದೊಳಗೆ ಹಣ ಪಾವತಿಸಬೇಕೆಂದು 2006ರ ಕಾಯ್ದೆಯೇ ಇದೆ. ಆದರೆ ಕಾಯ್ದೆ ಹಿಡಿದುಕೊಂಡು ಹೋದರೆ ಮುಂದಿನ ಆರ್ಡರ್ ಬೇರೆ ಶೆಡ್‌ಗೆ ಹೋಗುತ್ತದೆ ಎಂದರು. ಶೆಡ್ ಬಾಡಿಗೆ, ಕರೆಂಟ್ ಬಿಲ್, ಮೆಷಿನ್ ಮೇಲಿನ ಸಾಲದ ಕಂತು. ಪೀಣ್ಯದಲ್ಲಿ ಇಂಥ ಶೆಡ್‌ಗಳು ಸಾವಿರಾರು ಇವೆ. ಲೇತ್, ಪೌಡರ್ ಕೋಟಿಂಗ್, ಬಫಿಂಗ್ ಎಂದು ಎಂಟು ಹತ್ತು ಜನ ಇಟ್ಟುಕೊಂಡು ಬೆಳಗ್ಗೆಯಿಂದ ರಾತ್ರಿಯವರೆಗೆ ತಾವೂ ಎಣ್ಣೆ ಗ್ರೀಸಿನಲ್ಲೇ ಇರುವವರು. ಮೇಲಿನಿಂದ ಬಾರದಿದ್ದರೆ ಕೆಳಗೆ ಎಲ್ಲಿಂದ ಕೊಡಲಿ ಎಂದು ಅವರು ಕೇಳಿದಾಗ ನನ್ನ ಬಳಿ ತಕ್ಷಣಕ್ಕೆ ಉತ್ತರವಿರಲಿಲ್ಲ.

ಆದರೆ ನಾನು ಒಂದು ಪ್ರಶ್ನೆ ಕೇಳಿದೆ: "ಆ ಹುಡುಗನ ಹೆಸರೇನು?" ಅವರು ಸುಮ್ಮನಾದರು. ಹನ್ನೊಂದು ತಿಂಗಳಿಂದ ಕೆಲಸಕ್ಕಿದ್ದಾನೆ. ಶೆಡ್‌ನಲ್ಲಿ ಅವನನ್ನು "ಏ ಯಾದಗಿರಿ" ಎಂದೇ ಕರೆಯುವುದು. ಇನ್ನೊಬ್ಬ "ಬಿಹಾರಿ," ಮತ್ತೊಬ್ಬ "ಬಂಗಾಲಿ." ಹೆಸರು ಹಾಜರಿ ಪುಸ್ತಕದಲ್ಲಿದೆ, ನೋಡಿ ಹೇಳಬೇಕು ಎಂದರು. ಹೇಳುವಾಗ ಅವರ ಮುಖ ಬಾಡಿತು. ಒಳ್ಳೆಯ ಮನುಷ್ಯ. ಕೆಟ್ಟವರಾಗಿದ್ದರೆ ಮುಖ ಬಾಡುತ್ತಿರಲಿಲ್ಲ.

ಸಹೋದರರೇ, ಹಣ ಇಲ್ಲದಿರುವುದು ಪಾಪವಲ್ಲ. ಇಲ್ಲ ಎಂದು ಹೇಳದಿರುವುದು ಪಾಪ. ಬಿಲ್ ಬಾಕಿಯಿದೆ, ಇಂಥ ದಿನ ಅರ್ಧ ಕೊಡುತ್ತೇನೆ, ಇಂಥ ದಿನ ಉಳಿದದ್ದು ಎಂದು ಕೂರಿಸಿ ಹೇಳಿದ್ದರೆ ಆ ಹುಡುಗ ಊರಿಗೆ ಫೋನ್ ಮಾಡಿ ತಾಯಿಗೆ ಅದನ್ನೇ ಹೇಳುತ್ತಿದ್ದ. "ಮುಂದಿನ ವಾರ, ಹೋಗೋ" ಎಂದರೆ ಅವನು ತಾಯಿಗೆ ಏನು ಹೇಳಬೇಕು? ಮೂಸಾ(ಅ) ಮದ್ಯನ್‌ಗೆ ಓಡಿಬಂದಾಗ ಕೈಯಲ್ಲಿ ಏನೂ ಇರಲಿಲ್ಲ. ಊರಿಲ್ಲ, ಮನೆಯಿಲ್ಲ, ಪರಿಚಯದವರಿಲ್ಲ. ಇವತ್ತು ಯಶವಂತಪುರ ಸ್ಟೇಷನ್ನಿನಲ್ಲಿ ಬ್ಯಾಗು ಹಿಡಿದು ಇಳಿಯುವ ಹುಡುಗನ ಹಾಗೆ. ಆ ವೃದ್ಧರು ಅವರನ್ನು ಕೆಲಸಕ್ಕಿಟ್ಟುಕೊಂಡಾಗ ಇಕ್ಕಟ್ಟಿನ ಲಾಭ ತೆಗೆಯಲಿಲ್ಲ. ಎಂಟು ವರ್ಷ, ಹತ್ತು ಪೂರ್ತಿ ಮಾಡಿದರೆ ಅದು ನಿನ್ನ ಇಷ್ಟ, ನಿನಗೆ ಕಷ್ಟ ಕೊಡುವ ಇರಾದೆ ನನಗಿಲ್ಲ ಎಂಬಂತೆ ಕರಾರನ್ನು ಬಿಡಿಸಿ ಹೇಳಿದರು. ಕುರ್‌ಆನ್ ಇದನ್ನು ಅಲ್‌ ಕಸಸ್ ಅಧ್ಯಾಯದಲ್ಲಿ ತಿಳಿಸುತ್ತದೆ. ನಮ್ಮಲ್ಲಿ ಎಷ್ಟು ಜನ ಕೆಲಸಕ್ಕೆ ಸೇರಿಸಿಕೊಳ್ಳುವಾಗ ಸಂಬಳ ಎಷ್ಟು, ಯಾವ ತಾರೀಖು, ಓಟಿಗೆ ಏನು ಎಂದು ಒಂದು ಚೀಟಿಯಲ್ಲಾದರೂ ಬರೆದುಕೊಡುತ್ತೇವೆ?

ಕೂಲಿಯಾಳಿನ ಬೆವರು ಆರುವ ಮುನ್ನ ಕೂಲಿ ಕೊಡಬೇಕೆಂಬ ಪ್ರವಾದಿ ಬೋಧನೆ ಎಲ್ಲರಿಗೂ ಬಾಯಿಪಾಠ. ನಾಡಿನ ಕಾನೂನು ಕೂಡ ಹತ್ತಿರದ್ದನ್ನೇ ಹೇಳುತ್ತದೆ. 2025ರ ನವೆಂಬರ್ 21ರಿಂದ ಜಾರಿಗೆ ಬಂದಿರುವ ವೇತನ ಸಂಹಿತೆಯ ಪ್ರಕಾರ ತಿಂಗಳ ಸಂಬಳ ಮುಂದಿನ ತಿಂಗಳ 7ನೇ ತಾರೀಖಿನೊಳಗೆ ಕೈಸೇರಬೇಕು. ಕೆಲಸದಿಂದ ತೆಗೆದರೂ, ಅವರೇ ಬಿಟ್ಟರೂ ಎರಡು ಕೆಲಸದ ದಿನಗಳೊಳಗೆ ಲೆಕ್ಕ ಚುಕ್ತಾ ಆಗಬೇಕು. ಓಟಿಗೆ ಇಮ್ಮಡಿ ಕೊಡಬೇಕು. "ಕೆಲಸ ಬಿಟ್ಟು ಹೋದವನಿಗೆ ಕೊನೆಯ ತಿಂಗಳ ಸಂಬಳ ಕೊಡುವ ಪದ್ಧತಿ ನಮ್ಮಲ್ಲಿಲ್ಲ" ಎಂದು ಒಬ್ಬರು ನನ್ನೆದುರೇ ಹೆಮ್ಮೆಯಿಂದ ಹೇಳಿದ್ದರು. ಅದು ಪದ್ಧತಿಯಲ್ಲ ಸಹೋದರರೇ, ಹರಾಮ್.

ಇನ್ನೂ ಒಂದು ಮಾತು ಕಹಿ ಎನಿಸಬಹುದು. ಕೆಲಸದವರ ಸಂಬಳ ಬಾಕಿ ಇಟ್ಟು ಉಮ್ರಾಕ್ಕೆ ಹೋಗುವವರಿದ್ದಾರೆ. ಮಸೀದಿಗೆ ಎಸಿ ಕೊಡಿಸುತ್ತೇನೆ ಎನ್ನುವವರಿದ್ದಾರೆ. ಆ ಎಸಿ ನಮಗೆ ಬೇಡ, ಫ್ಯಾನ್ ಸಾಕು. ಪ್ರವಾದಿ(ಸ)ರು ಒಮ್ಮೆ ಸಂಗಾತಿಗಳನ್ನು ಕೇಳಿದರು, ದಿವಾಳಿಯಾದವನು ಯಾರು ಎಂದು. ಹಣ, ಸೊತ್ತು ಇಲ್ಲದವನು ಎಂದು ಅವರು ಹೇಳಿದರು. ಪೀಣ್ಯದವರಿಗೆ ದಿವಾಳಿ ಎಂದರೇನೆಂದು ನಾನು ವಿವರಿಸಬೇಕಿಲ್ಲ, ಬೀಗ ಜಡಿದ ಶೆಡ್‌ಗಳನ್ನು ನೀವೇ ನೋಡಿದ್ದೀರಿ. ಆದರೆ ಪ್ರವಾದಿ(ಸ)ರು ಹೇಳಿದ ದಿವಾಳಿಯೇ ಬೇರೆ. ಅವನು ನಮಾಝ್, ಉಪವಾಸ, ಝಕಾತ್ ಎಲ್ಲವನ್ನೂ ಹೊತ್ತು ಪರಲೋಕಕ್ಕೆ ಬರುತ್ತಾನೆ. ಜೊತೆಗೆ ಒಬ್ಬನನ್ನು ಬೈದಿರುತ್ತಾನೆ, ಇನ್ನೊಬ್ಬನ ಹಣ ತಿಂದಿರುತ್ತಾನೆ, ಮತ್ತೊಬ್ಬನನ್ನು ಹೊಡೆದಿರುತ್ತಾನೆ. ಅವರೆಲ್ಲ ಸಾಲುಗಟ್ಟಿ ನಿಂತು ಇವನ ಪುಣ್ಯದಿಂದ ತಮ್ಮ ಬಾಕಿ ವಸೂಲು ಮಾಡಿಕೊಳ್ಳುತ್ತಾರೆ. ಪುಣ್ಯ ಮುಗಿದರೆ ಅವರ ಪಾಪಗಳನ್ನು ಇವನ ತಲೆಗೆ ಕಟ್ಟಲಾಗುತ್ತದೆ.

ದುಡಿಯುವವರ ಕಡೆಯೂ ತಪ್ಪಿಲ್ಲವೆಂದಲ್ಲ. ಅಡ್ವಾನ್ಸ್ ಪಡೆದು ಮಾಯವಾಗುವುದು, ಇನ್ನೊಬ್ಬರ ಕಾರ್ಡ್ ಪಂಚ್ ಮಾಡುವುದು, ಮಾಲೀಕ ಆಚೆ ಹೋದರೆ ಮೆಷಿನ್ ನಿಲ್ಲಿಸಿ ಮೊಬೈಲ್ ನೋಡುವುದು. ನಮಾಝಿನ ಹೆಸರಿನಲ್ಲಿ ಮುಕ್ಕಾಲು ಗಂಟೆ ಹೊರಗಿದ್ದು ಚಹಾ ಕುಡಿದು ಬರುವುದಂತೂ ದೀನ್‌ಗೇ ಕೆಟ್ಟ ಹೆಸರು ತರುವ ಕೆಲಸ. ಹದಿನೈದು ನಿಮಿಷ ಕೇಳಿದರೆ ಹದಿನೈದು ನಿಮಿಷಕ್ಕೆ ಹಿಂದಿರುಗಿ.

ನಮ್ಮ ಹೆಣ್ಣುಮಕ್ಕಳ ವಿಷಯಕ್ಕೆ ಬರುತ್ತೇನೆ. ಲಗ್ಗೆರೆ, ಹೆಗ್ಗನಹಳ್ಳಿ, ರಾಜಗೋಪಾಲನಗರ ಈ ಕಡೆಯಿಂದ ಬೆಳಗ್ಗೆ ಡಬ್ಬಿ ಹಿಡಿದು ಗಾರ್ಮೆಂಟ್ಸ್‌ಗೆ ಹೋಗುವ ತಾಯಂದಿರು, ಅಕ್ಕತಂಗಿಯರು ನಮ್ಮ ಮನೆಗಳಲ್ಲೂ ಇದ್ದಾರೆ. ಅವರು ಅಲ್ಲಿ ಏನನ್ನು ಕೇಳಿಸಿಕೊಳ್ಳುತ್ತಾರೆ ಎಂದು ನಾವು ಕೇಳಿದ್ದೇವೆಯೇ? ಗಂಟೆಗೆ ಇಷ್ಟು ಪೀಸ್ ಎಂಬ ಟಾರ್ಗೆಟ್ ತಪ್ಪಿದರೆ ಇಡೀ ಲೈನ್‌ಗೆ ಕೇಳುವಂತೆ ಬೈಗುಳ. ಬಾತ್‌ರೂಮಿಗೆ ಹೋದರೂ ಲೆಕ್ಕ.

2016ರ ಏಪ್ರಿಲ್ 18 ಮತ್ತು 19 ನಿಮಗೆ ನೆನಪಿರಬಹುದು. ಆ ವರ್ಷ ಫೆಬ್ರವರಿಯಲ್ಲಿ ಕೇಂದ್ರ ಸರ್ಕಾರ ಪಿಎಫ್ ನಿಯಮ ಬದಲಿಸಿತ್ತು. ಮಾಲೀಕರು ಕಟ್ಟುವ ಪಾಲನ್ನು 58 ವರ್ಷ ತುಂಬುವ ತನಕ ತೆಗೆಯುವಂತಿಲ್ಲ ಎಂದಿತ್ತು. ಮಗಳ ಮದುವೆಗೆ, ಸಾಲ ತೀರಿಸಲು ಆ ಹಣವನ್ನೇ ನಂಬಿದ್ದ ಸಾವಿರಾರು ಗಾರ್ಮೆಂಟ್ಸ್ ಹೆಂಗಸರು ಯಾವ ನಾಯಕರೂ ಕರೆಯದೆ ಫ್ಯಾಕ್ಟರಿ ಬಿಟ್ಟು ರಸ್ತೆಗೆ ಬಂದರು. ಹೊಸೂರು ರಸ್ತೆ ಸ್ತಬ್ಧವಾಯಿತು, ನಮ್ಮ ತುಮಕೂರು ರಸ್ತೆಗೂ ಅದು ಹಬ್ಬಿತು. ಬಸ್ಸುಗಳಿಗೆ ಬೆಂಕಿ ಬಿತ್ತು, ಲಾಠಿ ಬಿತ್ತು. ಬೆಂಕಿ ಹಚ್ಚಿದ್ದನ್ನು ನಾನು ಸರಿ ಎನ್ನುವುದಿಲ್ಲ. ಎರಡನೇ ದಿನವೇ ಸರ್ಕಾರ ಆ ಆದೇಶ ಹಿಂದೆಗೆದುಕೊಂಡಿತು. ಆಗ ಎಲ್ಲರೂ ಆಶ್ಚರ್ಯಪಟ್ಟರು, ಇಷ್ಟು ಮೆತ್ತಗಿದ್ದ ಹೆಂಗಸರಿಗೆ ಇಷ್ಟು ಸಿಟ್ಟು ಎಲ್ಲಿತ್ತು ಎಂದು. ಅವರನ್ನು ಮೊದಲೇ ಯಾರಾದರೂ ಮಾತಾಡಿಸಿದ್ದರೆ ಆಶ್ಚರ್ಯವಾಗುತ್ತಿರಲಿಲ್ಲ. ಮಾತಾಡಿಸದವರಲ್ಲಿ ಮನೆಯ ಗಂಡಸರೂ ಸೇರಿದ್ದಾರೆ.

ಏಕೆಂದರೆ ಮನೆಯಲ್ಲಿ ಏನಾಗುತ್ತದೆ? ಮಗಳು ಬಂದು "ಅಬ್ಬಾ, ಅಲ್ಲಿ ಒಬ್ಬ ಸೂಪರ್‌ವೈಸರ್ ಸರಿಯಿಲ್ಲ" ಎಂದರೆ ಮರುಕ್ಷಣ ನಾವು ಹೇಳುವುದು "ನಾಳೆಯಿಂದ ಹೋಗಬೇಡ" ಎಂದು. ತಪ್ಪು ಮಾಡಿದವನ ಕೆಲಸ ಉಳಿಯುತ್ತದೆ, ಇವಳ ಕೆಲಸ ಹೋಗುತ್ತದೆ. ಅದಕ್ಕೇ ಅವಳು ಹೇಳುವುದನ್ನೇ ಬಿಡುತ್ತಾಳೆ. ಕಾಲೇಜಿಗೆ ಹೋಗುವ ಮಗಳ ಕತೆಯೂ ಇದೇ. ಹೇಳಿದರೆ ಓದು ನಿಲ್ಲುತ್ತದೆ ಎಂಬ ಹೆದರಿಕೆಯಲ್ಲಿ ಎಷ್ಟು ಮಕ್ಕಳು ಎಷ್ಟನ್ನು ನುಂಗಿಕೊಂಡಿದ್ದಾರೋ.

ಕೆಲಸದ ಜಾಗದಲ್ಲಿ ಹೆಣ್ಣುಮಕ್ಕಳ ಮೇಲಿನ ಲೈಂಗಿಕ ಕಿರುಕುಳ ತಡೆಯಲು 2013ರಲ್ಲಿ ಕಾಯ್ದೆ ಬಂದಿದೆ. ಹತ್ತು ಅಥವಾ ಹೆಚ್ಚು ಜನ ದುಡಿಯುವ ಕಡೆ ದೂರು ಕೇಳಲು ಆಂತರಿಕ ಸಮಿತಿ ಇರಲೇಬೇಕು, ಅದರ ಅಧ್ಯಕ್ಷೆ ಹೆಂಗಸೇ ಆಗಿರಬೇಕು, ಸದಸ್ಯರಲ್ಲಿ ಕನಿಷ್ಠ ಅರ್ಧದಷ್ಟು ಹೆಂಗಸರಿರಬೇಕು. ಹತ್ತಕ್ಕಿಂತ ಕಡಿಮೆ ಜನರಿರುವ ಶೆಡ್ ಆದರೆ, ಅಥವಾ ದೂರು ಮಾಲೀಕನ ಮೇಲೆಯೇ ಆದರೆ, ಜಿಲ್ಲೆಯ ಸ್ಥಳೀಯ ಸಮಿತಿಗೆ ಹೋಗಬಹುದು. ಮೂರು ತಿಂಗಳೊಳಗೆ ಬರವಣಿಗೆಯಲ್ಲಿ ದೂರು ಕೊಡಬೇಕು. ಶಾಲೆ, ಕಾಲೇಜುಗಳಿಗೂ ಈ ಕಾಯ್ದೆ ಅನ್ವಯಿಸುತ್ತದೆ. ಇದನ್ನು ಮಸೀದಿಯಲ್ಲಿ ಹೇಳುವ ಅಗತ್ಯವೇನು ಎಂದು ಹಿರಿಯರೊಬ್ಬರು ಈ ಮೊದಲು ಆಕ್ಷೇಪಿಸಿದ್ದರು. ಇಲ್ಲಿ ಹೇಳದಿದ್ದರೆ ಆ ಮಗಳ ತಂದೆಗೆ, ಅಣ್ಣನಿಗೆ ಬೇರೆ ಎಲ್ಲಿ ಹೇಳಲಿ?

ಮೇಷ್ಟ್ರುಗಳ ಬಗ್ಗೆ ಸ್ವಲ್ಪ. ಮಗುವಿಗೆ ಮಾರ್ಕ್ಸ್ ಕಡಿಮೆ ಬಂದರೆ ಶಾಲೆಗೆ ಹೋಗಿ ಟೀಚರನ್ನು ಏಕವಚನದಲ್ಲಿ ಮಾತಾಡಿಸುವ ತಂದೆಯರು ಹೆಚ್ಚಾಗಿದ್ದಾರೆ. ಫೀಸು ಕಟ್ಟಿದ್ದೇನೆ ಎಂಬ ಧಿಮಾಕು. ಆ ಟೀಚರ್ ಕೂಡ ಒಬ್ಬರ ಕೈಕೆಳಗೆ ದುಡಿಯುವವರೇ, ಖಾಸಗಿ ಶಾಲೆಯಲ್ಲಿ ಅವರ ಸಂಬಳ ಕೇಳಿದರೆ ನಿಮಗೆ ನಾಚಿಕೆಯಾಗುತ್ತದೆ. ಅವರು ಬೇರೆ ಧರ್ಮದವರಾಗಿದ್ದರೆ ಮಾತು ಇನ್ನೂ ಬೇರೆ ದಾರಿ ಹಿಡಿಯುತ್ತದೆ. ಬದ್ರ್ ಯುದ್ಧದ ಕೈದಿಗಳಲ್ಲಿ ಓದುಬರಹ ಬಲ್ಲವರು ಪರಿಹಾರದ ಹಣದ ಬದಲು ಮದೀನದ ಮಕ್ಕಳಿಗೆ ಅಕ್ಷರ ಕಲಿಸಿ ಬಿಡುಗಡೆ ಪಡೆದರೆಂದು ಚರಿತ್ರೆಕಾರರು ಬರೆದಿದ್ದಾರೆ. ಮೊನ್ನೆ ಕತ್ತಿ ಹಿಡಿದು ಎದುರು ನಿಂತವರು! ಅವರ ಮುಂದೆ ಪ್ರವಾದಿ(ಸ)ರು ತಮ್ಮ ಮಕ್ಕಳನ್ನು ಕೂರಿಸಿದರು.

2022ರಲ್ಲಿ ನಮ್ಮ ರಾಜ್ಯದಲ್ಲಿ ನಡೆದದ್ದನ್ನು ನಾನು ಮರೆತಿಲ್ಲ, ನೀವೂ ಮರೆತಿಲ್ಲ. ಫೆಬ್ರವರಿ 5ರ ಸಮವಸ್ತ್ರ ಆದೇಶ, ಮಾರ್ಚ್ 15ರ ಹೈಕೋರ್ಟ್ ತೀರ್ಪು, ಅಕ್ಟೋಬರ್ 13ರಂದು ಸುಪ್ರೀಂ ಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳ ಎರಡು ಅಭಿಪ್ರಾಯ. ನ್ಯಾಯಾಲಯದ ವಿಷಯ ನ್ಯಾಯಾಲಯಕ್ಕೆ. ನನಗೆ ನೋವಾದದ್ದು ಒಂದೇ ಬೆಂಚಿನ ಮೇಲೆ ಡಬ್ಬಿ ಹಂಚಿ ತಿಂದ ಮಕ್ಕಳು ಎರಡು ಗುಂಪಾಗಿ ನಿಂತದ್ದು. ಆಗ ನಮ್ಮ ಬೀದಿಯ ಒಬ್ಬ ಹುಡುಗಿ ಎರಡು ತಿಂಗಳು ತರಗತಿಗೆ ಹೋಗಲಿಲ್ಲ. ಅವಳ ಗೆಳತಿ, ಹಿಂದೂ ಹುಡುಗಿ, ಪ್ರತಿ ಸಂಜೆ ನೋಟ್ಸ್‌ನ ಫೋಟೋ ತೆಗೆದು ಕಳಿಸುತ್ತಿದ್ದಳು. ಯಾರೂ ಅವಳ ಬಗ್ಗೆ ಬರೆಯಲಿಲ್ಲ, ಟಿವಿಯಲ್ಲಿ ತೋರಿಸಲಿಲ್ಲ. ನಮ್ಮ ಹುಡುಗಿ ಪರೀಕ್ಷೆ ಬರೆದು ಪಾಸಾದಳು.

ಅಂಥವರ ಕಷ್ಟಕ್ಕೆ ನಾವು ನಿಲ್ಲುತ್ತೇವೆಯೇ? ಪಕ್ಕದ ಮೆಷಿನ್‌ನ ಮಂಜಣ್ಣನಿಗೆ ಸಂಬಳ ಹಿಡಿದರೆ ಅದು ಅವನ ಪಾಡು ಎಂದು ನಾವು ಸುಮ್ಮನಿರುತ್ತೇವೆ. ಪ್ರವಾದಿ(ಸ)ರಿಗೆ ಇನ್ನೂ ಪ್ರವಾದಿತ್ವ ಸಿಕ್ಕಿರಲಿಲ್ಲ, ಇಪ್ಪತ್ತರ ಆಸುಪಾಸಿನ ವಯಸ್ಸು. ಯಮನ್‌ನ ಝಬೀದ್‌ನಿಂದ ಬಂದ ವ್ಯಾಪಾರಿಯೊಬ್ಬ ಮಕ್ಕಾದ ಪ್ರಮುಖ ಆಸ್ ಬಿನ್ ವಾಇಲ್‌ಗೆ ಸರಕು ಮಾರಿದ. ಆಸ್ ಸರಕು ಇಟ್ಟುಕೊಂಡ, ಹಣ ಕೊಡಲಿಲ್ಲ. ಪರವೂರಿನವನು, ಹಿಂದೆ ಮುಂದೆ ಯಾರೂ ಇಲ್ಲ. ಅವನು ಅಬೂ ಕುಬೈಸ್ ಗುಡ್ಡ ಹತ್ತಿ ಕೂಗಿ ನ್ಯಾಯ ಕೇಳಿದ. ಆಗ ಅಬ್ದುಲ್ಲಾ ಬಿನ್ ಜುದ್‌ಆನ್‌ನ ಮನೆಯಲ್ಲಿ ಕೆಲವು ಕುಲದವರು ಸೇರಿ, ಮಕ್ಕಾದಲ್ಲಿ ಯಾರಿಗೆ ಅನ್ಯಾಯವಾದರೂ ಅವನ ಹಕ್ಕು ಸಿಗುವ ತನಕ ಜೊತೆಗೆ ನಿಲ್ಲುತ್ತೇವೆಂದು ಪ್ರತಿಜ್ಞೆ ಮಾಡಿದರು. ನೇರ ಆಸ್‌ನ ಮನೆಗೆ ಹೋಗಿ ಅವನ ಸೊತ್ತನ್ನು ವಾಪಸು ಕೊಡಿಸಿದರು. ಹಿಲ್ಫುಲ್ ಫುಝೂಲ್ ಎಂದು ಅದಕ್ಕೆ ಹೆಸರು. ಪ್ರವಾದಿ(ಸ)ರು ಅದರಲ್ಲಿ ಭಾಗವಹಿಸಿದ್ದರು. ಇಸ್ಲಾಮ್ ಬಂದ ಮೇಲೂ ಅಂಥ ಒಪ್ಪಂದಕ್ಕೆ ಯಾರಾದರೂ ಕರೆದರೆ ಹೋಗುವುದಾಗಿ ಅವರು ಹೇಳುತ್ತಿದ್ದರು. ಆ ಮನೆಯಲ್ಲಿ ಸೇರಿದವರಲ್ಲಿ ಮುಸ್ಲಿಮರು ಎಷ್ಟು ಜನ ಇದ್ದರು? ಒಬ್ಬರೂ ಇಲ್ಲ. ಬಾಕಿ ಕೊಡದೆ ಕೆಡಿಸಿದವನು ಊರಿನ ಮುಖಂಡ, ಬಾಕಿ ಕೇಳಿದವನು ಹೊರಗಿನವನು. ನಮ್ಮ ಪೀಣ್ಯದ ಲೆಕ್ಕವೇ.

ಆ ಮಾಲೀಕರ ವಿಷಯ ಅರ್ಧಕ್ಕೆ ಬಿಟ್ಟೆ. ನಾನು ಹೋಗಿ ಬಂದ ಮೂರನೇ ದಿನ ಅವರು ಒಂದು ತಿಂಗಳ ಸಂಬಳ ಕೊಟ್ಟರು. ಉಳಿದದ್ದಕ್ಕೆ ತಾರೀಖು ಬರೆದುಕೊಟ್ಟರು, ಮೊನ್ನೆ ಅದನ್ನೂ ತೀರಿಸಿದರು. ತಂದೆಯನ್ನು ಬೈದದ್ದಕ್ಕೆ ಕ್ಷಮೆ ಕೇಳಿದರೋ ಎಂದು ಹುಡುಗನನ್ನು ಕೇಳಿದೆ. "ಕೇಳಲಿಲ್ಲ ಹಜ್ರತ್, ಆದರೆ ಈಗ ಹೆಸರು ಹಿಡಿದು ಕರೀತಾರೆ" ಎಂದ. ಸಲಾಮ್‌ಗೆ ಉತ್ತರ ಕೊಡುತ್ತೀಯಾ ಎಂದೆ. ಕೊಡುತ್ತೇನೆ, ಆದರೆ ಸ್ವಲ್ಪ ಮೆಲ್ಲಗೆ ಎಂದು ನಕ್ಕ.

ಬರುವ ಭಾನುವಾರ ಅಸರ್ ನಂತರ ಕಮಿಟಿ ಕೋಣೆಯಲ್ಲಿ ಕಾರ್ಮಿಕ ಕಾನೂನು ತಿಳಿದ ಒಬ್ಬ ವಕೀಲರು ಕೂರುತ್ತಾರೆ. ಸಂಬಳ, ಪಿಎಫ್, ಇಎಸ್‌ಐ, ಶಾಲೆ ಕಾಲೇಜಿನ ತೊಂದರೆ, ಯಾವುದಿದ್ದರೂ ಕಾಗದಪತ್ರ ಹಿಡಿದು ಬನ್ನಿ. ಬಿಲ್ ಬಾಕಿಯ ತೊಂದರೆಯಲ್ಲಿರುವ ಸಣ್ಣ ಮಾಲೀಕರೂ ಬನ್ನಿ, 45 ದಿನದ ಕಾಯ್ದೆಯನ್ನು ಅವರು ವಿವರಿಸುತ್ತಾರೆ. ಹೆಣ್ಣುಮಕ್ಕಳ ಮಾತು ಕೇಳಲು ಎದುರು ಮನೆಯಲ್ಲಿ ನನ್ನ ಪತ್ನಿ ಮತ್ತು ಇಬ್ಬರು ಶಿಕ್ಷಕಿಯರು ಇರುತ್ತಾರೆ. ಧರ್ಮ ಯಾವುದೆಂದು ಯಾರೂ ಕೇಳುವುದಿಲ್ಲ, ನಿಮ್ಮ ಜೊತೆ ಕೆಲಸ ಮಾಡುವವರನ್ನೂ ಕರೆತನ್ನಿ. ಈಗ ಸುನ್ನತ್ ನಮಾಝ್ ಮಾಡಿಕೊಳ್ಳಿ, ಖುತ್ಬಾಕ್ಕೆ ಐದು ನಿಮಿಷ ಇದೆ.